ಮಕ್ಕಳ ಹಾಳೆ ಮುಟ್ಟದೆ ಚಿತ್ರಕಲೆ ಕಲಿಸೋದು ಹೇಗೆ

ಹದಿನೈದು ವರ್ಷದ ಹಿಂದಿನ ಮಾತು. ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳ ಚಿತ್ರಗಳನ್ನು ಗೋಡೆಗೆ ಹಾಕಬೇಕಿತ್ತು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಅವಳ ಅವ್ವ ಹಾಲು ಕರೆಯೋ ಚಿತ್ರ ಬರೆದಿದ್ದಳು. ಹಸು ಚೆನ್ನಾಗಿತ್ತು. ಸೊಂಟಕ್ಕೆ ಸಿಕ್ಕಿಸಿದ ಸೆರಗು, ತೊಡೆಗಳ ನಡುವೆ ಇಟ್ಟುಕೊಂಡ ತಂಬಿಗೆ ಎಲ್ಲ ಇತ್ತು. ಅವ್ವನ ಕೈ ಮಾತ್ರ ಬಾಳೆಗೊನೆಯಿಂದ ಕಿತ್ತ ಚಿಪ್ಪಿನ ಹಾಗೆ ಊದಿಕೊಂಡಿತ್ತು. "ಕೊಡು ಇಲ್ಲಿ" ಅಂತ ಹಾಳೆ ಇಸ್ಕೊಂಡು ಎರಡೇ ನಿಮಿಷದಲ್ಲಿ ಸರಿ ಮಾಡಿಕೊಟ್ಟೆ. ನಾನು ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಕಲಿತು ಬಂದವನು, ಕೈ ಬರೆಯೋದು ನನಗೇನು ಕಷ್ಟವಲ್ಲ. ಹೆಡ್ ಮಾಸ್ಟರು ಆ ಚಿತ್ರದ ಮುಂದೆ ನಿಂತು "ಭೇಷ್" ಅಂದರು. ಸ್ವಲ್ಪ ಹೊತ್ತಿಗೆ ಗೆಳತಿಯೊಬ್ಬಳು ಬಂದು "ನಿಂದೇನೇ ಇದು?" ಅಂತ ಕೇಳಿದ್ದು ನನ್ನ ಕಿವಿಗೆ ಬಿತ್ತು. "ಇಲ್ಲ ಕಣೆ, ಸಾರ್ ಬರ್ದಿದ್ದು" ಅಂದಳು ಹುಡುಗಿ.

ಮುಂದಿನ ವಾರ ಖಾಲಿ ಹಾಳೆ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. "ಮೊದ್ಲು ನೀವೇ ಬರ್ದುಕೊಡಿ ಸಾ, ಕಲರ್ ನಾನು ಹಾಕ್ತೀನಿ."

ಅವತ್ತಿನಿಂದ ಮಕ್ಕಳ ಹಾಳೆಯ ಮೇಲೆ ನಾನು ಪೆನ್ಸಿಲ್ ಇಟ್ಟಿಲ್ಲ. ಒಂದು ಚುಕ್ಕೆ ಕೂಡ ಇಲ್ಲ. ಪಾಂಡವಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಾನು ಕಲಿತ ಉಳಿದದ್ದೆಲ್ಲ ಈ ಒಂದು ಕಟ್ಟುಪಾಡಿನಿಂದಲೇ ಬಂದದ್ದು. ಹೊಸದಾಗಿ ಸೇರಿದವರಿಗೆ, ಚಿತ್ರಕಲಾ ಶಿಕ್ಷಕರೇ ಇಲ್ಲದ ಶಾಲೆಯಲ್ಲಿ ಆ ಪೀರಿಯಡ್ಡು ತಲೆಗೆ ಬಿದ್ದ ಕನ್ನಡ, ಸಮಾಜದ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ. ನಿಮಗೆ ಚಿತ್ರ ಬರೆಯಲು ಬರದಿದ್ದರೂ ಚಿಂತೆಯಿಲ್ಲ. ಮುಟ್ಟೋ ಚಪಲ ನಿಮಗೆ ಕಮ್ಮಿ ಇರುತ್ತೆ.

ಹಾಳೆ ಮುಟ್ಟದೆ ತೋರಿಸಿಕೊಡೋದು ಹೇಗೆ? ನನ್ನ ಅಂಗಿ ಜೇಬಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ನಾಲ್ಕು ಭಾಗ ಮಾಡಿದ ಚೀಟಿಗಳಿರುತ್ತವೆ. ಮಗುವಿನ ಪಕ್ಕ ಕೂತು ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸುತ್ತೇನೆ, ಆಮೇಲೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಚೀಟಿ ಅಲ್ಲೇ ಬಿಟ್ಟರೆ ನಕಲಾಗುತ್ತೆ. ಬೋರ್ಡಿನ ಮೇಲೂ ಅಷ್ಟೆ, ಬರೆದು ತೋರಿಸಿ ಎಲ್ಲರೂ ನೋಡಿದ ಮೇಲೆ ಒರೆಸಿಬಿಡಬೇಕು. ಅಳಿಸುವಾಗ "ಅಯ್ಯೋ ಸಾ!" ಅಂತಾರೆ. ಅನ್ನಲಿ.

ಆ ಹುಡುಗಿಯ ಅವ್ವನ ಕೈಗೆ ನಾನು ಮಾಡಬೇಕಾಗಿದ್ದದ್ದು ಇಷ್ಟು. ಅವಳ ಕೈಯನ್ನೇ ಮೇಜಿನ ಮೇಲೆ ಇಡಿಸಿ, "ನಡುಬೆರಳು ಎಷ್ಟುದ್ದ ಇದೆ, ಅಂಗೈ ಹಿಂಭಾಗ ಎಷ್ಟುದ್ದ ಇದೆ, ಕಡ್ಡಿ ಇಟ್ಟು ಅಳಿ" ಅನ್ನಬೇಕಿತ್ತು. ಗೆಣ್ಣಿನಿಂದ ಅಳೆದರೆ ಎರಡೂ ಹೆಚ್ಚುಕಮ್ಮಿ ಒಂದೇ. "ಈಗ ಅದೇ ಕೈಯನ್ನ ಮುಖಕ್ಕಿಡು" ಅನ್ನಬೇಕಿತ್ತು. ಮಣಿಕಟ್ಟು ಗದ್ದಕ್ಕೆ ಇಟ್ಟರೆ ಬೆರಳ ತುದಿ ಕೂದಲು ಶುರುವಾಗೋ ಜಾಗದವರೆಗೆ ಹೋಗುತ್ತೆ. ಮಕ್ಕಳು ಕೈಯನ್ನು ಸಾಮಾನ್ಯವಾಗಿ ಚಿಕ್ಕದಾಗಿ ಬರೆಯುತ್ತಾರೆ, ಇಲ್ಲವೇ ಬೆರಳು ಎಣಿಸಿ ಸಿಕ್ಕಿಸುತ್ತಾರೆ. ಹೀಗೆ ಒಮ್ಮೆ ಅಳೆದವರು ಮತ್ತೆ ತಪ್ಪೋದು ಕಡಿಮೆ, ತಪ್ಪಿದರೂ ತಾವೇ ಮುಖಕ್ಕೆ ಕೈ ಇಟ್ಟು ನೋಡಿಕೊಳ್ಳುತ್ತಾರೆ.

ಮೊದಲ ವಾರ: ತ್ರಿಕೋನದ ಬೆಟ್ಟ

ಎಂಟನೇ ಕ್ಲಾಸಿಗೆ ಬಂದ ಮಕ್ಕಳಿಗೆ ಮೊದಲ ದಿನ "ಏನಾದರೂ ಬರೀರಿ" ಅನ್ನಿ. ನಲವತ್ತು ಹಾಳೆಯಲ್ಲಿ ಮೂವತ್ತರಲ್ಲಾದರೂ ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೆ ಅಂಕುಡೊಂಕಾದ ಹೊಳೆ, ಒಂದು ತೆಂಗಿನ ಮರ, ಒಂದು ಗುಡಿಸಲು, ಮೇಲೆ ನಾಲ್ಕು ಹಕ್ಕಿ. ಇದಕ್ಕೆ 'ಸೀನರಿ' ಅಂತ ಹೆಸರು. ನಮ್ಮ ಶಾಲೆಯ ಕಿಟಕಿಯಲ್ಲೇ ಕುಂತಿ ಬೆಟ್ಟ ಕಾಣುತ್ತೆ. ಯಾರೋ ದೈತ್ಯ ಆಡಿ ಬಿಟ್ಟುಹೋದ ಹಾಗೆ ಗುಂಡು ಮೇಲೆ ಗುಂಡು. ಬ್ರಿಟಿಷರು ಈ ಊರನ್ನು ಫ್ರೆಂಚ್ ರಾಕ್ಸ್ ಅಂತಲೇ ಕರೆದರು, ಬಂಡೆ ಅಷ್ಟು ಕಣ್ಣಿಗೆ ಹೊಡೆಯುತ್ತೆ. ಮಕ್ಕಳು ದಿನಾ ಅದರ ಬುಡದಲ್ಲೇ ಸೈಕಲ್ ತುಳಿದು ಬರುತ್ತಾರೆ, ಬರೆಯೋದು ಮಾತ್ರ ತ್ರಿಕೋನ. ಒಬ್ಬ ಹುಡುಗನನ್ನು ಕೇಳಿದೆ, ಕಿಟಕಿ ತೋರಿಸಿದೆ. "ಅದು ಕುಂತಿ ಬೆಟ್ಟ ಸಾ. ಇದು ಡ್ರಾಯಿಂಗ್ ಬೆಟ್ಟ" ಅಂದ.

ತಪ್ಪು ಅವನದ್ದಲ್ಲ. ನಮ್ಮ ಮಾತಿನಲ್ಲಿ ಅಕ್ಷರವನ್ನೂ 'ಬರೆಯುತ್ತೇವೆ', ಚಿತ್ರವನ್ನೂ 'ಬರೆಯುತ್ತೇವೆ'. 'ಬ' ಅಕ್ಷರವನ್ನು ಯಾರೂ ನೋಡಿ ಬರೆಯೋದಿಲ್ಲ, ಒಮ್ಮೆ ಕಲಿತರೆ ಕೈಗೆ ಬರುತ್ತೆ. ಬೆಟ್ಟವೂ ಅವನಿಗೆ ಹಾಗೆ ಕಲಿತ ಒಂದು ಅಕ್ಷರ. ಆ ಸೀನರಿಯನ್ನು ಬೈಯಬೇಡಿ, ಹರಿಯಬೇಡಿ. ತಾರೀಖು ಹಾಕಿಸಿ ಎತ್ತಿಡಿ. ಮಾರ್ಚಿ ತಿಂಗಳಲ್ಲಿ ಅದೇ ದೊಡ್ಡ ಸಾಕ್ಷಿ.

ಈ 'ಅಕ್ಷರ'ದ ಅಭ್ಯಾಸ ತಪ್ಪಿಸೋಕೆ ನಾನು ಬಳಸೋದು ಎರಡು ಆಟ.

ಒಂದು, ಕೈ ಮುಚ್ಚಿ ಬರೆಯೋದು. ಊಟದ ಮುತ್ತುಗದ ಎಲೆಯ ನಡುವೆ ಪೆನ್ಸಿಲ್ ಚುಚ್ಚಿದರೆ, ಹಿಡಿದ ಕೈ ಎಲೆಯ ಅಡಿಯಲ್ಲಿ ಮರೆಯಾಗುತ್ತೆ. ಹಳೆ ನೋಟ್ ಬುಕ್ಕಿನ ರಟ್ಟಾದರೂ ಆದೀತು. ಪ್ರತಿಯೊಬ್ಬರೂ ತಮ್ಮ ಒಂದು ಚಪ್ಪಲಿ ಬಿಚ್ಚಿ ಬೆಂಚಿನ ಮೇಲೆ ಇಡಬೇಕು. ಕಣ್ಣು ಚಪ್ಪಲಿಯ ಅಂಚಿನ ಮೇಲೆ ಇರುವೆ ಹೋದ ಹಾಗೆ ಹೋಗಬೇಕು, ಪೆನ್ಸಿಲ್ಲೂ ಅದೇ ವೇಗದಲ್ಲಿ ಹೋಗಬೇಕು. ಹಾಳೆ ನೋಡುವ ಹಾಗಿಲ್ಲ. ಐದು ನಿಮಿಷ, ಸದ್ದಿಲ್ಲದೆ. ಎಲೆ ತೆಗೆದಾಗ ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತೆ. ಉಂಗುಷ್ಟ ಒಂದು ಕಡೆ, ಹಿಮ್ಮಡಿ ಒಂದು ಕಡೆ. ಯಾರದ್ದೂ 'ಚೆನ್ನಾಗಿ' ಬಂದಿರಲ್ಲ, ಹಾಗಾಗಿ ಕ್ಲಾಸಿನ 'ಡ್ರಾಯಿಂಗ್ ಚೆನ್ನಾಗಿ ಬರೆಯೋ ಹುಡುಗ' ಕೂಡ ಉಳಿದವರ ಸಮ ಆಗುತ್ತಾನೆ. ಆಮೇಲೆ ಹಾಳೆ ಹತ್ತಿರ ಹಿಡಿದು ನೋಡಿಸಿ. ಸವೆದ ಹಿಮ್ಮಡಿ, ಪಿನ್ನು ಹಾಕಿ ಸರಿಮಾಡಿದ ಪಟ್ಟಿ ಎಲ್ಲ ಗೆರೆಯಲ್ಲಿ ಇಳಿದಿರುತ್ತೆ. ಅವರ ಯಾವ ಸೀನರಿಯಲ್ಲೂ ಅಂಥ ಗೆರೆ ಇರಲಿಲ್ಲ.

ಇನ್ನೊಂದು, ಸಂದು ಬರೆಯೋದು. ಒಂದು ಸೈಕಲ್ಲನ್ನು ಗೋಡೆಗೆ ಒರಗಿಸಿ. "ಸೈಕಲ್ ಬರೀಬೇಡಿ. ಸೈಕಲ್ಲಿನ ಕಂಬಿಗಳ ಸಂದಿಯಲ್ಲಿ ಕಾಣೋ ಗೋಡೆ ಇದೆಯಲ್ಲ, ಆ ತುಂಡುಗಳನ್ನು ಮಾತ್ರ ಬರೀರಿ." ಮೊದಲು ಗಲಿಬಿಲಿ ಆಗುತ್ತೆ. ಸೈಕಲ್ಲು ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಎರಡು ಸೊನ್ನೆ ಹಾಕಿ ಮುಗಿಸುತ್ತಾರೆ. ಸಂದು ಹೇಗಿರುತ್ತೆ ಅಂತ ಯಾರಿಗೂ ಗೊತ್ತಿಲ್ಲ, ನೋಡದೆ ಬೇರೆ ದಾರಿಯಿಲ್ಲ. ಒಂದೊಂದೇ ತುಂಡು ಜೋಡಿಸುತ್ತಾ ಹೋದರೆ ಕೊನೆಗೆ ಬಿಟ್ಟ ಜಾಗದಲ್ಲಿ ಸೈಕಲ್ಲು ತಾನಾಗಿ ನಿಂತಿರುತ್ತೆ. ಸ್ಪೋಕ್ಸ್ ಬಿಟ್ಟುಬಿಡಿ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಅಳು ಶುರುವಾಗುತ್ತೆ. ಸೈಕಲ್ಲಿನ ಬದಲು ಹಸುವಿನ ಎರಡು ಕೊಂಬಿನ ನಡುವಿನ ಆಕಾಶ, ಸೊಂಟದ ಮೇಲೆ ಕೈಯಿಟ್ಟು ನಿಂತ ಹುಡುಗನ ಮೊಣಕೈ ಸಂದು ಕೂಡ ಆಗುತ್ತೆ.

ಇವೆರಡು ಆದಮೇಲೆ ಕುಂತಿ ಬೆಟ್ಟಕ್ಕೆ ಬನ್ನಿ. ರಟ್ಟಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ಕಿಂಡಿ ಕೊಯ್ದು, ಒಂದು ಕಣ್ಣು ಮುಚ್ಚಿ, ಆ ಕಿಂಡಿಯಲ್ಲಿ ಕಂಡಷ್ಟು ಮಾತ್ರ. ಪೂರ್ತಿ ಬೆಟ್ಟ ಬೇಡ.

ಸಾಮಾನು

ದುಡ್ಡಿಲ್ಲ ಅಂತ ಕೈಕಟ್ಟಿ ಕೂರಬೇಡಿ. ಅಂಗಡಿಯಿಂದ ತರಲೇಬೇಕಾದದ್ದು ನಾಲ್ಕೈದು ಬಗೆ. ಬರೆಯೋ ಎಚ್‌ಬಿ ಪೆನ್ಸಿಲ್ ಬದಲು ಒಂದು 4ಬಿ ಅಥವಾ 6ಬಿ. ಡ್ರಾಯಿಂಗ್ ಶೀಟಿಗಿಂತ ಪುಸ್ತಕಕ್ಕೆ ಹಾಕೋ ಬ್ರೌನ್ ಪೇಪರ್ ಅಗ್ಗ. ಅದರ ಮೇಲೆ ಇದ್ದಿಲು ಮತ್ತು ಬೋರ್ಡಿನ ಬಿಳಿ ಸೀಮೆಸುಣ್ಣ ಎರಡೂ ಚೆನ್ನಾಗಿ ಕೂರುತ್ತವೆ, ಕಾಗದದ ಬಣ್ಣವೇ ನಡುವಿನ ಛಾಯೆ ಆಗುತ್ತೆ. ರಬ್ಬರ್ ಕ್ಲಾಸಿಗೆ ಎರಡು ಸಾಕು, ಅವು ನನ್ನ ಮೇಜಿನ ಮೇಲೆ. ಬೇಕಾದವರು ಎದ್ದು ಬಂದು ಒಯ್ಯಬೇಕು. ಅಷ್ಟು ದೂರ ನಡೆಯೋ ಸೋಮಾರಿತನಕ್ಕೇ ಅರ್ಧ ಅಳಿಸಾಟ ನಿಲ್ಲುತ್ತೆ.

ಇದ್ದಿಲು ಕಡ್ಡಿ ನಾವೇ ಮಾಡುತ್ತೇವೆ. ಮೈಸೂರು ಶೈಲಿಯ ಹಳೆಯ ಚಿತ್ರಕಾರರೂ ಹುಣಸೆ ಕಡ್ಡಿಯ ಇದ್ದಿಲಿನಲ್ಲೇ ಮೊದಲ ಗೆರೆ ಎಳೆಯುತ್ತಿದ್ದರು. ಪೆನ್ಸಿಲ್ ದಪ್ಪದ ಹುಣಸೆ ಕಡ್ಡಿಗಳ ಸಿಪ್ಪೆ ತೆಗೆದು, ಗೇಣುದ್ದಕ್ಕೆ ಕತ್ತರಿಸಿ, ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ಸಂದಿಲ್ಲದಂತೆ ತುಂಬಿ. ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ತೂತು. ಡಬ್ಬಿಯನ್ನು ಕೆಂಡದಲ್ಲಿ ಹೂಳಿದರೆ ತೂತಿನಿಂದ ಹೊಗೆ ಬರುತ್ತೆ. ಹೊಗೆ ಪೂರ್ತಿ ನಿಂತ ಮೇಲೆ ಡಬ್ಬಿ ಹೊರಗೆ ತೆಗೆದು, ತೂತಿಗೆ ಹಸಿ ಮಣ್ಣು ಮೆತ್ತಿ, ತಣ್ಣಗಾಗುವವರೆಗೆ ಬಿಡಬೇಕು. ಮೊದಲ ಸಲ ನಾನು ಆತುರ ತಡೆಯದೆ ಬಿಸಿ ಇರುವಾಗಲೇ ಮುಚ್ಚಳ ತೆಗೆದೆ. ಗಾಳಿ ಸೋಕಿ ಎಲ್ಲ ಕಣ್ಣೆದುರೇ ಕೆಂಪಾಗಿ ಬೂದಿಯಾಯಿತು. ಬೆಂಕಿಯ ಕೆಲಸ ದೊಡ್ಡವರದ್ದು. ನಮ್ಮೂರ ಆಲೆಮನೆಯವರು ಒಲೆ ಬದಿಯ ಕೆಂಡದಲ್ಲಿ ಡಬ್ಬಿ ಇಟ್ಟುಕೊಡುತ್ತಾರೆ. ತರೋಕೆ ಹೋದ ಹುಡುಗರು ಡಬ್ಬಿಯ ಜೊತೆ ಬಿಸಿ ಬೆಲ್ಲ ತಿಂದು ಬರುತ್ತಾರೆ, ಪೀರಿಯಡ್ಡಿಗೆ ಹತ್ತು ನಿಮಿಷ ಲೇಟು. ಅದನ್ನು ನಾನು ಕೇಳೋದಿಲ್ಲ.

ಬಣ್ಣಕ್ಕೆ ಹನ್ನೆರಡರ ಪೆಟ್ಟಿಗೆ ತರಿಸಬೇಡಿ. ಅದರಲ್ಲಿ ಹಸಿರು ಸಿದ್ಧವಾಗಿ ಇರುತ್ತೆ, ಎಲ್ಲ ಎಲೆಗೂ ಅದೇ ಹಸಿರು ಬಳಿಯುತ್ತಾರೆ. ಪೋಸ್ಟರ್ ಕಲರಿನ ನಾಲ್ಕು ಶೀಶೆ ಸಾಕು: ಲೆಮನ್ ಯೆಲ್ಲೋ, ಕ್ರಿಮ್ಸನ್, ನೀಲಿ, ಬಿಳಿ. ಕಪ್ಪು ಮೊದಲ ಎರಡು ತಿಂಗಳು ಬೀರುವಿನಲ್ಲೇ ಇರಲಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟದ ಪಾಠ. ಮಕ್ಕಳಿಗೆ ಮನೆಯಿಂದ ಒಂದೊಂದು ಹಸಿರು ತರೋಕೆ ಹೇಳಿ. ಕಬ್ಬಿನ ಸೋಗೆ, ಭತ್ತದ ಒಟ್ಲಿನ ಎಳೆ ಪೈರು, ತೆಂಗಿನ ಗರಿ, ಹಿಪ್ಪುನೇರಳೆ, ವೀಳ್ಯದೆಲೆ ಬರುತ್ತವೆ. ನೀಲಿ ಹಳದಿ ಕಲಸಿ ಆ ಎಲೆಯ ಬಣ್ಣ ಮಾಡಬೇಕು. ಸರಿಯಾಯಿತೋ ಇಲ್ಲವೋ ಅಂತ ಮೇಷ್ಟ್ರನ್ನು ಕೇಳೋ ಹಾಗಿಲ್ಲ. ಬ್ರಷ್ಷಿನಿಂದ ಆ ಎಲೆಯ ಮೇಲೇ ಒಂದು ಬೊಟ್ಟು ಇಡಬೇಕು. ಬೊಟ್ಟು ಎದ್ದು ಕಂಡರೆ ಇನ್ನೂ ಕಲಸು. ಕಾಣದೆ ಎಲೆಯಲ್ಲಿ ಕರಗಿಹೋದರೆ ಗೆದ್ದೆ. ಒಟ್ಲಿಗೆ ಬಹುಪಾಲು ಹಳದಿಯೇ ಬೇಕು ಅಂತ ಬೇಗ ಗೊತ್ತಾಗುತ್ತೆ. ತೆಂಗಿನ ಗರಿ ಆಟ ಆಡಿಸುತ್ತೆ, ಎಷ್ಟು ನೀಲಿ ಹಾಕಿದರೂ ಪ್ಲಾಸ್ಟಿಕ್ ಹೂವಿನ ಎಲೆಯ ಹಾಗೆ ಹೊಳೆಯುತ್ತೆ. "ಕೆಂಪು ಒಂಚೂರು ತಾಗಿಸಿ ನೋಡು" ಅಂದರೆ "ಹಸ್ರಿಗೆ ಕೆಂಪಾ ಸಾ?" ಅಂತ ಹುಬ್ಬೇರಿಸುತ್ತಾರೆ. ಸೂಜಿಮೊನೆಯಷ್ಟು ಕ್ರಿಮ್ಸನ್ ಬಿದ್ದ ತಕ್ಷಣ ಹಸಿರಿನ ಹೊಳಪು ಇಳಿದು ಗರಿಯ ಬಣ್ಣ ಬರುತ್ತೆ. ಒಬ್ಬ ಹುಡುಗಿ ತನ್ನ ಬೊಟ್ಟು ಎಲ್ಲಿಟ್ಟೆ ಅಂತ ತನಗೇ ಸಿಗದೆ ಎಲೆಯನ್ನು ಬಿಸಿಲಿಗೆ ಓರೆ ಹಿಡಿದು ಹುಡುಕುತ್ತಿದ್ದಳು.

ಬಣ್ಣ ಅಂದರೆ ಏನು ಅಂತ ತೋರಿಸೋಕೆ ಇನ್ನೊಂದು ಪೀರಿಯಡ್ಡು ಇಡಿ. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು ನೀರಲ್ಲಿ ಕಲಸಿ ಬಳಿದರೆ ಒಣಗಿದ ಮೇಲೆ ಬೆರಳಿಗೆ ಉದುರುತ್ತೆ. ಅದಕ್ಕೇ ನೆನೆಸಿದ ಜಾಲಿ ಅಂಟು ಸೇರಿಸಿದರೆ ಹಿಡಿದು ನಿಲ್ಲುತ್ತೆ. ಶೀಶೆಯಲ್ಲಿರೋದೂ ಇದೇ, ಪುಡಿ ಮತ್ತು ಅಂಟು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗೋದು ಆರತಿ ತಟ್ಟೆ ನೋಡಿದ ಎಲ್ಲ ಮಕ್ಕಳಿಗೂ ಗೊತ್ತು. ಯಾಕೆ ಅನ್ನೋದನ್ನು ವಿಜ್ಞಾನದ ಮೇಡಂಗೆ ಬಿಡುತ್ತೇನೆ, ಅವರಿಗೂ ಕ್ಷಾರದ ಪಾಠ ಸುಲಭ ಆಗುತ್ತೆ. ಅರಿಶಿನದ ಚಿತ್ರವನ್ನು ಬಿಸಿಲು ಬೀಳೋ ಗೋಡೆಗೆ ಹಾಕಬೇಡಿ, ಬೇಗ ಮಾಸಿಹೋಗುತ್ತೆ. ಸುಣ್ಣವನ್ನು ದೊಡ್ಡವರೇ ಕಲಸಬೇಕು, ಕಣ್ಣಿಗೆ ಹಾರಿದರೆ ಅನಾಹುತ.

ನೀರಿಗೆ ಇಬ್ಬರಿಗೊಂದು ತೆಂಗಿನ ಕರಟ. ಉರುಳದ ಹಾಗೆ ಅಡಿಗೆ ಹುಲ್ಲಿನ ಸಿಂಬೆ. ಈ ಸಿಂಬೆ ಹೊಳೆಯೋಕೆ ನನಗೆ ಮೂರು ವರ್ಷ ಬೇಕಾಯಿತು, ಅಷ್ಟರಲ್ಲಿ ಎಷ್ಟು ಯೂನಿಫಾರಂ ಹಾಳಾದವೋ! ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹಂಚೋಕೆ ಐದು, ತೊಳೆದಿಡೋಕೆ ಎಂಟು ನಿಮಿಷ ಹೋಗಿಯೇ ಹೋಗುತ್ತೆ, ಅದನ್ನು ಲೆಕ್ಕಕ್ಕೆ ಹಿಡಿದೇ ಪಾಠ ಹಾಕಿ. ಸಾಧ್ಯವಿದ್ದರೆ ಎರಡು ಪೀರಿಯಡ್ಡು ಒಟ್ಟಿಗೆ ಕೇಳಿ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಗಣಿತದವರು ಬಂದು "ಇವತ್ತೊಂದಿನ ಬಿಟ್ಕೊಡಿ" ಅಂತಾರೆ. ಬಿಟ್ಟುಕೊಡುತ್ತೇನೆ, ಆದರೆ ಬದಲಿಗೆ ಅವರದ್ದೊಂದನ್ನು ಒಂಬತ್ತನೇ ಕ್ಲಾಸಿನಲ್ಲಿ ವಸೂಲಿ ಮಾಡುತ್ತೇನೆ. ನೋಟ್ ಬುಕ್ಕಲ್ಲಿ ಬರೆದಿಟ್ಟುಕೊಳ್ಳದಿದ್ದರೆ ಆ ಸಾಲ ತೀರೋದಿಲ್ಲ.

ಹೊರಗೆ ಕರೆದುಕೊಂಡು ಹೋದಾಗ

ಪ್ರವಾಸದಲ್ಲಿ ಎಲ್ಲ ತೋರಿಸಬೇಡಿ. ಒಂದು ಜಾಗ, ಒಂದು ಗೋಡೆ, ಒಂದು ಗಂಟೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರ ಕಟ್ಟಡ. ಅದರ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷರ ಕರ್ನಲ್ ಬೇಲಿ, ಸುತ್ತ ಕೆಂಪು ಕೋಟಿನ ಸಿಪಾಯಿಗಳ ಚೌಕ, ಸಿಡಿಯುತ್ತಿರುವ ಮದ್ದಿನ ಬಂಡಿ, ಸಾಲು ಸಾಲು ಕುದುರೆ. ಇತಿಹಾಸ ಹೇಳೋಕೆ ಗೈಡು ಇದ್ದಾರೆ. ನಾನು ಕೇಳೋದು ಒಂದೇ: "ದೂರ ಇರೋರು ಚಿಕ್ಕದಾಗಿ ಇದ್ದಾರಾ?" ಮಕ್ಕಳು ಹತ್ತಿರ ಹೋಗಿ, ಹಿಂದೆ ಸರಿದು, ಜಗಳ ಆಡಿ ಕೊನೆಗೆ ಒಪ್ಪುತ್ತಾರೆ. ಇಲ್ಲ, ದೂರದವರು ಮೇಲಿದ್ದಾರೆ ಅಷ್ಟೆ. ದೂರದ್ದು ಚಿಕ್ಕದು ಅನ್ನೋದು ಒಂದು ಪದ್ಧತಿ, ಮೇಲಿಡೋದು ಇನ್ನೊಂದು. ಡ್ರಾಯಿಂಗಿನ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರೋ ಮಕ್ಕಳಿಗೆ ಮೊದಲನೆಯದು ಬೇಕು, ಅದಕ್ಕೆ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ನಿಲ್ಲಿಸಿ ಎರಡೂ ಬದಿಯ ತೆಂಗಿನ ಸಾಲು ಒಂದು ಚುಕ್ಕೆಗೆ ಹೋಗಿ ಸೇರೋದನ್ನು ತೋರಿಸಿದರೆ ಮುಗಿಯಿತು. ಆದರೆ ಊರ ಜಾತ್ರೆ ಬರೆಯಬೇಕಾದಾಗ ನಮ್ಮ ಮಕ್ಕಳು ಪೊಳ್ಳಿಲೂರಿನ ಪದ್ಧತಿಯನ್ನೇ ಹಿಡಿಯುತ್ತಾರೆ. ಎಲ್ಲರ ಮುಖವೂ ಕಾಣಬೇಕಲ್ಲ!

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಯಾವಾಗಲೂ ಗುಂಪು. ರವಿವರ್ಮನದ್ದು ಅಂತ ಬಹಳ ಜನ ನಂಬಿದ್ದಾರೆ, ಅಲ್ಲ. ಎಸ್.ಎಲ್. ಹಲ್ದಣ್‌ಕರ್ ತಮ್ಮ ಮಗಳನ್ನೇ ನಿಲ್ಲಿಸಿ ನೀರುಬಣ್ಣದಲ್ಲಿ ಬರೆದದ್ದು. ದೀಪಕ್ಕೆ ಅಡ್ಡ ಹಿಡಿದ ಕೈಬೆರಳುಗಳು ಬೆಳಕಿಗೆ ಕೆಂಪಗಾಗಿವೆ. ಅಲ್ಲಿ ಬರೆಸಬೇಡಿ, ನೋಡಿಸಿ ಸಾಕು. ಶಾಲೆಗೆ ಬಂದ ಮೇಲೆ ಕಿಟಕಿ ಮುಚ್ಚಿ, ಮೊಬೈಲ್ ಟಾರ್ಚಿನ ಮೇಲೆ ಅಂಗೈ ಇಟ್ಟು ತೋರಿಸಿ, ಬ್ರೌನ್ ಪೇಪರಿನ ಮೇಲೆ ಇದ್ದಿಲು, ಸೀಮೆಸುಣ್ಣ, ಒಂದಿಷ್ಟು ಕೆಮ್ಮಣ್ಣು ಕೊಟ್ಟು ತಮ್ಮ ಕೈಯನ್ನೇ ಬರೆಯಲು ಹೇಳಿ.

ಸೋಮನಾಥಪುರಕ್ಕೆ ಹೋದರೆ ಶಿಲ್ಪದ ಮೇಲೆ ಕಾಗದ ಇಟ್ಟು ಉಜ್ಜೋಕೆ ಬಿಡಬೇಡಿ. 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಗುಡಿ, ಅದಲ್ಲದಿದ್ದರೂ ಉಜ್ಜಬಾರದು. ಬುಡದ ಆನೆ ಸಾಲಿನಲ್ಲಿ ಒಂದಾನೆ ಇನ್ನೊಂದರ ಹಾಗಿಲ್ಲ. ಅಕ್ಕಪಕ್ಕದ ಎರಡು ಆನೆ ಆರಿಸಿಕೊಂಡು ಏನೇನು ಬೇರೆ ಇದೆ ಅಂತ ಬರೆದು ತನ್ನಿ ಅಂದರೆ ಅದೇ ದಿನದ ಕೆಲಸ. ನಾನು ಅಲ್ಲಿ ತಪ್ಪದೆ ತೋರಿಸೋದು ಮೂರ್ತಿಗಳ ಪೀಠದ ಕೆಳಗೆ ಮಲ್ಲಿತಮ್ಮ ಕೆತ್ತಿಕೊಂಡ ಹೆಸರು. ಏಳುನೂರು ವರ್ಷಕ್ಕೂ ಹಿಂದೆ ಒಬ್ಬ ಶಿಲ್ಪಿ ಇದು ನನ್ನದು ಅಂತ ಬರೆದುಕೊಂಡಿದ್ದಾನೆ. ಮರಳಿ ಬಂದ ಮೇಲೆ ಪ್ರತಿ ಹಾಳೆಯ ಮೂಲೆಯಲ್ಲೂ ಮಗು ಹೆಸರು, ತಾರೀಖು ಹಾಕಲೇಬೇಕು. ಮೇಷ್ಟ್ರ ಗೆರೆ ಅದರಲ್ಲಿದ್ದರೆ ಯಾರ ಹೆಸರು ಹಾಕೋದು?

ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಬಗ್ಗೆ ಹೆಚ್ಚು ಹೇಳೋದಿಲ್ಲ. ಕಣ್ಣೀರು ಹಾಕೋ ಭೂಗೋಳದ ಚಿತ್ರವನ್ನು ಮೂವತ್ತು ಸಲ ಅಭ್ಯಾಸ ಮಾಡಿಸಿ ಕಳಿಸಿದರೆ ಬಹುಮಾನ ಬರುತ್ತೆ, ನಾನೂ ತಂದಿದ್ದೇನೆ. ಈಗ ಕಳಿಸೋದಾದರೆ ಖಾಲಿ ಕೈಯಲ್ಲಿ ಕಳಿಸುತ್ತೇನೆ, ಬಹುಮಾನ ಕಡಿಮೆಯಾಗಿದೆ.

"ನಂಗೆ ಬರಕಿಲ್ಲ ಸಾ" ಅನ್ನೋ ಮಗುವಿಗೆ "ಬರುತ್ತೆ, ಮಾಡು" ಅಂದರೆ ಪ್ರಯೋಜನವಿಲ್ಲ. "ಎಲ್ಲಿ ಸಿಕ್ಕಿಕೊಂಡೆ, ಬೆರಳಿಟ್ಟು ತೋರ್ಸು" ಅನ್ನಿ. ಇಡೀ ಚಿತ್ರ ಬರಲ್ಲ ಅಂದುಕೊಂಡವನು ಹಸುವಿನ ಹಿಂಗಾಲಿನ ಮಂಡಿ ಮೇಲೆ ಬೆರಳಿಡುತ್ತಾನೆ. ಅಷ್ಟೇ ಜಾಗ. ಸಂಜೆ ಹೋಗಿ ಕೊಟ್ಟಿಗೆಯಲ್ಲಿ ಆ ಮಂಡಿ ಯಾವ ಕಡೆ ಮಡಚುತ್ತೆ ನೋಡಿಕೊಂಡು ಬಾ ಅಂತ ಕಳಿಸಿ. 'ಚೆನ್ನಾಗಿದೆ' ಅನ್ನೋ ಮಾತನ್ನೂ ಕಡಿಮೆ ಮಾಡಿ, ಅದನ್ನು ಕೇಳಿದ ಮಗು ಬ್ರಷ್ ಕೆಳಗಿಡುತ್ತೆ.

ವರ್ಷದ ಕೊನೆಗೆ ಪೋಷಕರ ಸಭೆ ದಿನ ಜಗಲಿಯ ಕಂಬಗಳಿಗೆ ಬಟ್ಟೆ ಒಣಗಿಸೋ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ ಎಲ್ಲರ ಚಿತ್ರ ನೇತುಹಾಕಿ. ಆರಿಸಬೇಡಿ, ಎಲ್ಲರದ್ದೂ. ಪ್ರತಿಯೊಬ್ಬರ ಜೂನ್ ತಿಂಗಳ ಸೀನರಿಯೂ ಪಕ್ಕದಲ್ಲಿರಲಿ. ಹೋದ ವರ್ಷ ಒಬ್ಬ ಹುಡುಗನ ಅವ್ವ ಗದ್ದೆಯಿಂದ ನೇರವಾಗಿ ಬಂದವರು, ಕಾಲಲ್ಲಿ ಕೆಸರು, ಮಗ ಬರೆದ ಹಸುವಿನ ಮುಂದೆ ನಿಂತರು. ನಾನು ಹೊಗಳಿಕೆಗೆ ಕಾದೆ. "ನಮ್ ಗೌರಿ ಕೊಂಬು ಇಂಗದಾ? ಎಡಗಡೆದು ಕೆಳಿಕ್ ಬಗ್ಗಿಲ್ವೇನೋ?" ಅಂದರು. ಹುಡುಗ ಚಿತ್ರ ನೋಡಿದ, ಅವ್ವನ ಮುಖ ನೋಡಿದ. ಕ್ಲಿಪ್ಪು ಬಿಚ್ಚಿ ಹಾಳೆ ಇಳಿಸಿಕೊಂಡು ನನ್ನ ಹತ್ತಿರ ಬಂದು ರಬ್ಬರ್ ಕೇಳಿದ. ಕೊಟ್ಟೆ.